‘ಇನ್ನೆಷ್ಟು ದಿನ, ಸಿಸ್ಟರ್?’

ಹಾಸಿಗೆ ಹಿಡಿದ ಹಿರಿಯರ ಮನೆಗಳಿಗೆ ಹೋಗಿ ಉಪಶಮನ ಆರೈಕೆ, ಅಂದರೆ ಕಾಯಿಲೆ ಗುಣವಾಗದಿದ್ದರೂ ನೋವು ಸಂಕಟ ತಗ್ಗಿಸುವ ಆರೈಕೆ, ಮಾಡುವ ದಾದಿ ನಾನು. ಧಾರವಾಡದ ಸುತ್ತಲಿನ ಹಳ್ಳಿಗಳು ನನ್ನ ಪಾಲಿಗೆ ಬಂದಿವೆ. ಕ್ಯಾನ್ಸರ್ ಹರಡಿದವರು, ಹೃದಯ ಸೋತವರು, ಪಾರ್ಶ್ವವಾಯು ಬಡಿದ ಮೇಲೆ ಏಳಲಾಗದವರು, ಬರೀ ವಯಸ್ಸಿನಿಂದಲೇ ಬಾಡುತ್ತಿರುವವರು, ಹೀಗೆ ನಾನು ನೋಡಿಕೊಳ್ಳುವವರಲ್ಲಿ ಹೆಚ್ಚಿನವರು ಗುಣವಾಗಿ ಎದ್ದು ಓಡಾಡುವವರಲ್ಲ. ಹಾಸಿಗೆ ಹುಣ್ಣಿಗೆ ಡ್ರೆಸಿಂಗ್ ಮಾಡುವುದು, ಮೂತ್ರದ ಕೊಳವೆ ಬದಲಿಸುವುದು, ನೋವಿನ ಮಾತ್ರೆಯ ಲೆಕ್ಕ ನೋಡುವುದು, ಇವನ್ನೆಲ್ಲ ನನಗೆ ಕಲಿಸಿದವರಿದ್ದರು. ಚಪ್ಪಲಿ ಮೆಟ್ಟಿಕೊಂಡು ಹೊರಡುವಾಗ ಅಂಗಳದ ತನಕ ಹಿಂದೆಯೇ ಬಂದು, ದನಿ ತಗ್ಗಿಸಿ ಮಗನೋ ಸೊಸೆಯೋ ಕೇಳುವ ಒಂದು ಪ್ರಶ್ನೆಗೆ ಏನು ಹೇಳಬೇಕೆಂದು ಮಾತ್ರ ಯಾರೂ ಕಲಿಸಿರಲಿಲ್ಲ. ‘ಇನ್ನೆಷ್ಟು ದಿನ, ಸಿಸ್ಟರ್?’

ಅದನ್ನು ನಾನು ಕಲಿತದ್ದು ಬಹುಮಟ್ಟಿಗೆ ಒಂದು ಕಾದಂಬರಿಯಿಂದ. ತಾರಾಶಂಕರ ಬಂದ್ಯೋಪಾಧ್ಯಾಯರು ಬಂಗಾಳಿಯಲ್ಲಿ ಬರೆದ ‘ಆರೋಗ್ಯ ನಿಕೇತನ’ ಪ್ರಕಟವಾದದ್ದು 1953ರಲ್ಲಿ. 1956ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ. ತಾರಾಶಂಕರರು ಹುಟ್ಟಿ ಬೆಳೆದದ್ದು ಬೀರಭೂಮ್ ಜಿಲ್ಲೆಯ ಲಾಭಪುರದಲ್ಲಿ. ಕಾದಂಬರಿಯಲ್ಲಿಯೂ ಅದೇ ಸೀಮೆಯ ಕೆಂಪು ಮಣ್ಣು, ಅದೇ ಮಲೇರಿಯಾ, ಅದೇ ಹಳ್ಳಿಯ ಮುದುಕರು. ಅದರ ನಾಯಕ ಜೀವನ ಮಹಾಶಯ ತಲೆಮಾರುಗಳಿಂದ ವೈದ್ಯ ವೃತ್ತಿ ಮಾಡಿಕೊಂಡು ಬಂದ ಮನೆತನದವರು. ಈಗ ಮುಪ್ಪು ಬಂದಿದೆ, ಔಷಧಶಾಲೆ ಪಾಳು ಬಿದ್ದಿದೆ, ಊರಿಗೆ ಹೊಸ ಆಸ್ಪತ್ರೆಯೂ ಪ್ರದ್ಯೋತ್ ಎಂಬ ಹೊಸ ಡಾಕ್ಟರೂ ಬಂದಿದ್ದಾರೆ. ರೋಗಿಯ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ಈ ಜೀವ ಉಳಿಯುತ್ತದೆಯೇ ಹೋಗುತ್ತದೆಯೇ, ಹೋಗುವುದಾದರೆ ಯಾವಾಗ ಎಂದು ಹೇಳಬಲ್ಲ ನಾಡಿಜ್ಞಾನ ಈ ಮುದುಕರದು. ಅವರ ಕೀರ್ತಿಯೂ ಅದೇ, ಅವರ ಮೇಲಿನ ಸಿಟ್ಟಿಗೆ ಕಾರಣವೂ ಅದೇ.

ನಾಡಿ ಹಿಡಿದು ಸಾವಿನ ಗಡುವು ಹೇಳಬಹುದು ಎಂದು ನಾನು ನಂಬುವುದಿಲ್ಲ. ಅದನ್ನು ನಂಬಿಸುವುದಕ್ಕಾಗಿ ತಾರಾಶಂಕರರು ಈ ಪುಸ್ತಕ ಬರೆದರು ಎಂದೂ ನನಗೆ ಅನಿಸಿಲ್ಲ. ಶುರುವಿನ ಭಾಗದಲ್ಲಿಯೇ ಮತಿ ಕರ್ಮಕಾರನ ತಾಯಿಯ ಪ್ರಸಂಗ ಬರುತ್ತದೆ. ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಂಡ ಮುದುಕಿಯ ನಾಡಿ ನೋಡಿ ಮಹಾಶಯರು, ಇನ್ನು ಗಂಗೆಯ ದಡಕ್ಕೆ ಹೊರಡಲು ಸಿದ್ಧವಾಗು ಎನ್ನುವ ಅರ್ಥದ ಮಾತು ಹೇಳುತ್ತಾರೆ. ಮುದುಕಿಗೆ ಸಾಯುವ ಮನಸ್ಸಿಲ್ಲ. ಮೊಮ್ಮಕ್ಕಳು, ಮನೆ, ಊಟ ಎಲ್ಲದರ ಮೇಲೂ ಆಸೆ ಇದೆ. ಪ್ರದ್ಯೋತ್ ಕೆರಳುತ್ತಾನೆ, ಸಾಯುತ್ತೀ ಎಂದು ಬದುಕಿರುವವರಿಗೆ ಹೇಳುವುದು ಕ್ರೌರ್ಯ ಎನ್ನುತ್ತಾನೆ, ಚಿಕಿತ್ಸೆ ಮಾಡಿಸಿ ಆಕೆಯನ್ನು ಉಳಿಸಿಯೂ ಉಳಿಸುತ್ತಾನೆ. ಮುದುಕರ ಅಂದಾಜು ಅಲ್ಲಿ ಸುಳ್ಳಾಗುತ್ತದೆ. ಹಳೆಯ ವಿದ್ಯೆಯನ್ನು ಹೊಗಳುವುದಷ್ಟೇ ಲೇಖಕರ ಉದ್ದೇಶವಾಗಿದ್ದರೆ ಈ ಪ್ರಸಂಗ ಪುಸ್ತಕದಲ್ಲಿ ಇರುತ್ತಿರಲಿಲ್ಲ.

ಅದಕ್ಕೆ ಎದುರಾಗಿ ಇನ್ನೊಂದು ಪ್ರಸಂಗವಿದೆ. ರತನಬಾಬು ಎಂಬ ಹಿರಿಯರು, ಕಾಯಿಲೆ ಬಿದ್ದ ತಮ್ಮ ಮಗನ ವಿಷಯದಲ್ಲಿ ಇದ್ದದ್ದನ್ನು ಇದ್ದ ಹಾಗೆ ತಿಳಿಯಬೇಕೆಂದು ಮಹಾಶಯರನ್ನು ತಾವಾಗಿಯೇ ಕರೆಸುತ್ತಾರೆ. ಅಲ್ಲಿ ಸತ್ಯ ತಿಳಿಯುವುದು ಕೇಳಿದವನಿಗೆ, ತಡೆದುಕೊಳ್ಳುವ ಶಕ್ತಿ ಇದ್ದವನಿಗೆ, ತನ್ನ ಹಳೆಯ ಬಳಗದ ಮನುಷ್ಯನ ಬಾಯಿಂದ. ಎರಡೂ ಕಡೆ ವೈದ್ಯರು ಒಬ್ಬರೇ, ಬೆರಳುಗಳೂ ಅವೇ. ಒಂದು ಕಡೆ ಮಾತು ಗಾಯ ಮಾಡಿತು, ಇನ್ನೊಂದು ಕಡೆ ಆಸರೆಯಾಯಿತು. ನನ್ನ ಕೆಲಸಕ್ಕೆ ಬೇಕಾದ ಪಾಠ ಈ ಎರಡು ಪ್ರಸಂಗಗಳ ನಡುವೆ ಇದೆ. ‘ಎಷ್ಟು ದಿನ’ ಎಂದು ಕೇಳುವ ಎಲ್ಲರೂ ದಿನಗಳ ಲೆಕ್ಕವನ್ನು ಕೇಳುತ್ತಿಲ್ಲ. ಏನನ್ನು ಕೇಳುತ್ತಿದ್ದಾರೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು.

ಆದ್ದರಿಂದ ಅಂಗಳದಲ್ಲಿ ಆ ಪ್ರಶ್ನೆ ಬಂದಾಗ ನಾನು ಚಪ್ಪಲಿ ಬಿಚ್ಚಿ ಮತ್ತೆ ಕೂರುತ್ತೇನೆ. ಕಟ್ಟೆ ಇದ್ದರೆ ಕಟ್ಟೆಯ ಮೇಲೆ, ಇಲ್ಲದಿದ್ದರೆ ಹೊಸ್ತಿಲ ಹತ್ತಿರ. ‘ಯಾಕೆ ಕೇಳಿದಿರಿ?’ ಎಂದು ವಿಚಾರಿಸುತ್ತೇನೆ. ಮಗಳು ದುಬೈಯಲ್ಲಿದ್ದಾಳೆ, ಟಿಕೆಟ್ ಯಾವಾಗ ತೆಗೆಸಬೇಕು ಎನ್ನುವವರಿದ್ದಾರೆ. ಮೊಮ್ಮಗಳ ಮದುವೆ ಗೊತ್ತಾಗಿದೆ, ಸೂತಕ ಬಂದರೆ ಏನು ಮಾಡುವುದು ಎನ್ನುವವರಿದ್ದಾರೆ. ಇದನ್ನು ಕೇಳಿ ಕೆಲವರು ಮುಖ ಸಿಂಡರಿಸುತ್ತಾರೆ, ನನಗಂತೂ ಅದರಲ್ಲಿ ತಪ್ಪು ಕಾಣಿಸುವುದಿಲ್ಲ. ರಾತ್ರಿ ನಿದ್ದೆಯಿಲ್ಲದೆ ಸಾಕಾಗಿ, ಇದು ಎಂದು ಮುಗಿಯುತ್ತದೆ ಎಂದು ಕೇಳುತ್ತಿರುವ ಸೊಸೆಯಂದಿರಿದ್ದಾರೆ. ಹಾಗೆ ಕೇಳಿದ್ದಕ್ಕೆ ತಮ್ಮನ್ನೇ ಹಳಿದುಕೊಂಡು ಅಳುತ್ತಾರೆ. ಇನ್ನು ಕೆಲವರು ಕೇಳುತ್ತಿರುವುದು, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಇನ್ನೊಮ್ಮೆ ಕರೆದೊಯ್ದು ಉಳಿದ ಹೊಲವನ್ನೂ ಮಾರಬೇಕೇ ಎಂದು. ಈ ನಾಲ್ವರಿಗೂ ಒಂದೇ ಉತ್ತರ ಕೊಟ್ಟರೆ ಮೂವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ತಾರೀಖು ಹೇಳುವುದಿಲ್ಲ. ಉಪಶಮನ ಆರೈಕೆಯಲ್ಲಿ ರೂಢಿಯಲ್ಲಿರುವ ಒಂದು ಅಳತೆಯನ್ನು ಮನೆಯವರ ಕೈಗೇ ಕೊಡುತ್ತೇನೆ. ಬದಲಾವಣೆ ತಿಂಗಳಿಂದ ತಿಂಗಳಿಗೆ ಕಾಣುತ್ತಿದ್ದರೆ ಬಹುಶಃ ತಿಂಗಳುಗಳಿವೆ. ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ವಾರಗಳು. ನಿನ್ನೆಗಿಂತ ಇಂದು ಎದ್ದು ಕಾಣುವಷ್ಟು ಬದಲಾಗಿದ್ದರೆ ದಿನಗಳು. ‘ಹೋದ ಅಮಾವಾಸ್ಯೆಗೆ ಅಪ್ಪ ಎಷ್ಟು ದೂರ ನಡೆಯುತ್ತಿದ್ದರು? ಈಗ?’ ಎಂದು ಕೇಳುತ್ತೇನೆ. ಹಿತ್ತಿಲ ತನಕ, ಆಮೇಲೆ ಪಡಸಾಲೆಯ ತನಕ, ಆಮೇಲೆ ಮಂಚದ ಅಂಚಿನ ತನಕ. ಉತ್ತರ ಹೇಳುತ್ತಾ ಹೇಳುತ್ತಾ ಅವರಿಗೇ ವಿಷಯ ಗೊತ್ತಾಗಿಬಿಡುತ್ತದೆ. ನಾನು ಹೇಳಿದ್ದಕ್ಕಿಂತ ತಾವೇ ಕಂಡುಕೊಂಡದ್ದು ಮನಸ್ಸಿಗೆ ಬೇಗ ಇಳಿಯುತ್ತದೆ. ಆನಂತರ ನಮ್ಮ ವೈದ್ಯರು ಬಂದು ಕೂತು ಮಾತನಾಡುತ್ತಾರೆ. ರೋಗದ ಸ್ಥಿತಿಯ ಬಗ್ಗೆ ಕೊನೆಯ ಮಾತು ಅವರದೇ. ದುಬೈಯ ಮಗಳಿಗೆ ಮಾತ್ರ ನಾನು ಒಂದೇ ಸಲಹೆ ಕೊಡುತ್ತೇನೆ: ಬರಬೇಕು ಎಂದಿದ್ದರೆ ಅಪ್ಪ ಮಾತನಾಡುತ್ತಿರುವಾಗಲೇ ಬನ್ನಿ.

ಇನ್ನೊಂದು ಮಾತೂ ಅಂಗಳದಲ್ಲಿಯೇ ಬರುತ್ತದೆ: ‘ಅವರಿಗೆ ಮಾತ್ರ ಹೇಳಬೇಡಿ.’ ಕಾಯಿಲೆಯ ಹೆಸರು ಮನೆಯ ಎಲ್ಲರಿಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು, ಮಲಗಿದವರಿಗೆ ಮಾತ್ರ ‘ಹೊಟ್ಟೆ ಹುಣ್ಣು’. ಒಬ್ಬ ನಿವೃತ್ತ ಕನ್ನಡ ಮಾಸ್ತರರ ಮನೆಯಲ್ಲಿ ಹೀಗೆಯೇ ಇತ್ತು. ಯಕೃತ್ತಿಗೆ ಹರಡಿದ ಕ್ಯಾನ್ಸರ್. ಅವರ ಬೆನ್ನಿನ ಹುಣ್ಣಿಗೆ ಡ್ರೆಸಿಂಗ್ ಮಾಡಲು ಹೋಗುತ್ತಿದ್ದೆ. ನೋವು ಮರೆಸಲು ಏನಾದರೂ ಹೇಳು ತಂಗಿ ಎನ್ನುತ್ತಿದ್ದರು. ಆಗ ನನ್ನ ಚೀಲದಲ್ಲಿದ್ದ ಪುಸ್ತಕ ಇದೇ. ಓದಿದಷ್ಟು ಭಾಗವನ್ನು ಕನ್ನಡದಲ್ಲಿ ಕಥೆಯಾಗಿ ಹೇಳತೊಡಗಿದೆ.

ಅವರು ಸುಮ್ಮನೆ ಕೇಳುವ ಜೀವವಾಗಿರಲಿಲ್ಲ. ಮತಿಯ ತಾಯಿಯ ಕಥೆ ಬಂದಾಗ ಮಹಾಶಯರ ಮೇಲೆ ರೇಗಿದರು. ‘ಆ ಮುದುಕಿಗೆ ಬದುಕುವ ಆಸೆ ಇದೆ ಎಂದರೆ ಅದು ಪಾಪವೇ? ವೈದ್ಯನಾದವನು ಅವಳ ಪಕ್ಷದಲ್ಲಿ ಇರಬೇಕು, ಯಮನ ಪಕ್ಷದಲ್ಲಿ ಅಲ್ಲ’ ಎಂದರು. ಆಮೇಲೆ ಮೃತ್ಯುವಿನ ಕಥೆ ಬಂತು. ಜೀವನ ಮಹಾಶಯರಿಗೆ ಅವರ ತಂದೆ ವಿದ್ಯೆ ಕಲಿಸುವಾಗ ಹೇಳುವ ಮಹಾಭಾರತದ ಕಥೆ ಅದು. ಬ್ರಹ್ಮ ಸೃಷ್ಟಿಸಿದ ಮೃತ್ಯು ಒಬ್ಬ ಹೆಣ್ಣು. ಪ್ರಾಣ ತೆಗೆಯುವ ಕೆಲಸ ತನಗೆ ಬೇಡವೆಂದು ಅವಳು ಅಳುತ್ತಾಳೆ. ಆ ಕಣ್ಣೀರೇ ರೋಗಗಳಾಗುತ್ತವೆ. ಮಾಸ್ತರರಿಗೆ ಈ ಕಥೆ ಮೊದಲೇ ಗೊತ್ತಿತ್ತು, ದ್ರೋಣಪರ್ವದಲ್ಲಿದೆ ಎಂದು ನನಗೇ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು, ‘ನನ್ನದು ಹೊಟ್ಟೆ ಹುಣ್ಣಲ್ಲ, ಅಲ್ಲವೇ?’ ಎಂದರು.

ಇಂಥ ಹೊತ್ತಿನಲ್ಲಿ ಹೌದು ಎಂದೂ ಅಲ್ಲ ಎಂದೂ ತಟ್ಟನೆ ಹೇಳುವುದಿಲ್ಲ. ‘ನಿಮಗೆ ಏನು ಅನಿಸುತ್ತಿದೆ?’ ಎಂದು ಕೇಳುತ್ತೇನೆ. ‘ಇನ್ನೂ ವಿವರವಾಗಿ ತಿಳಿಯಬೇಕೆನಿಸುತ್ತದೆಯೇ? ಯಾರು ಹೇಳಿದರೆ ಒಳ್ಳೆಯದು?’ ಎನ್ನುತ್ತೇನೆ. ಬೇಡ ಎಂದವರಿಗೆ ಬಲವಂತವಾಗಿ ಹೇಳುವುದು ಮತಿಯ ತಾಯಿಗೆ ಹೇಳಿದ ಹಾಗೆ. ಕೇಳಿದವರಿಗೆ ಮುಚ್ಚಿಡುವುದು ಅದಕ್ಕಿಂತ ಕೆಟ್ಟದ್ದು ಎಂದು ನಾನು ತಿಳಿದಿದ್ದೇನೆ, ಏಕೆಂದರೆ ಆ ಮನುಷ್ಯ ತನ್ನ ಮನೆಯಲ್ಲಿಯೇ ಒಂಟಿಯಾಗುತ್ತಾನೆ. ಮಾಸ್ತರರು ಎಲ್ಲವನ್ನೂ ಅಂದಾಜು ಮಾಡಿದ್ದರು. ‘ಮಗನಿಗೆ ಹೇಳಬೇಡಿ, ಅವನು ತಡೆದುಕೊಳ್ಳುವುದಿಲ್ಲ’ ಎಂದರು. ಅಪ್ಪನಿಗೆ ಹೇಳಬೇಡಿ ಎಂದು ಮಗ, ಮಗನಿಗೆ ಹೇಳಬೇಡಿ ಎಂದು ಅಪ್ಪ. ಈ ಕೆಲಸದಲ್ಲಿ ನಾನು ಇದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ವೈದ್ಯರು ಬಂದ ದಿನ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದೆವು. ಮಾಸ್ತರರು ಮೊದಲು ಕೇಳಿದ್ದು ಎಷ್ಟು ದಿನ ಎಂದಲ್ಲ; ನೋವು ಹೆಚ್ಚಾಗುತ್ತದೆಯೇ ಎಂದು.

ಜೀವನ ಮಹಾಶಯರ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ನೋವಿಗೆ ನಮ್ಮ ಕೈಯಲ್ಲಿ ಉತ್ತರವಿದೆ. ಬಾಯಿಯ ಮೂಲಕ ಕೊಡುವ ಮಾರ್ಫಿನ್ ದುಬಾರಿಯೇನೂ ಅಲ್ಲ. ಸಾಧಾರಣ ಮಾತ್ರೆಯಾದರೆ ನಾಲ್ಕು ತಾಸಿಗೊಮ್ಮೆ, ನೋವು ಬರಲಿ ಎಂದು ಕಾಯದೆ, ಹೊತ್ತಿಗೆ ಸರಿಯಾಗಿ ಕೊಡಬೇಕು. ವಯಸ್ಸಾದವರಿಗೆ ಕಡಿಮೆ ಪ್ರಮಾಣದಿಂದ ಶುರು ಮಾಡಿ ನೋಡುತ್ತಾ ಏರಿಸುತ್ತಾರೆ; ಮೂತ್ರಪಿಂಡ ಸೋತಿದ್ದರೆ ಇನ್ನೂ ಎಚ್ಚರ ಬೇಕು. ಮಲಬದ್ಧತೆ ಖಂಡಿತ ಬರುವುದರಿಂದ ಅದಕ್ಕೆ ಬೇಕಾದ ಔಷಧವನ್ನು ಮೊದಲ ದಿನದಿಂದಲೇ ಜೊತೆಗೆ ಕೊಡಬೇಕು. ಅದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಹೊಟ್ಟೆನೋವು ಬಂತೆಂದು ಮಾರ್ಫಿನ್ನನ್ನೇ ನಿಲ್ಲಿಸಿಬಿಡುತ್ತಾರೆ. ಮಾರ್ಫಿನ್ ಕೊಟ್ಟರೆ ಸಾವು ಬೇಗ ಬರುತ್ತದೆ, ಚಟ ಹತ್ತುತ್ತದೆ ಎಂಬ ಹೆದರಿಕೆ ಬಹಳ ಜನರಲ್ಲಿದೆ. ನೋವಿಗೆ ತಕ್ಕಷ್ಟು, ವೈದ್ಯರು ಹೇಳಿದಷ್ಟು ಕೊಟ್ಟಾಗ ಆ ಹೆದರಿಕೆಗೆ ಆಧಾರವಿಲ್ಲ. ಹಿಂದೆ ಈ ಔಷಧ ಇಟ್ಟುಕೊಳ್ಳಲು ಆಸ್ಪತ್ರೆಗಳು ಹಲವು ಪರವಾನಗಿಗಳಿಗೆ ಅಲೆಯಬೇಕಿತ್ತು. ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಆ ತೊಡಕು ಬಹಳಷ್ಟು ಸಡಿಲವಾಗಿದೆ. ಮಾಸ್ತರರು ಮಾರ್ಫಿನ್ ಶುರುವಾದ ಮೇಲೆ ಕುಳಿತು ಪತ್ರ ಬರೆಯುವಷ್ಟು ಸುಧಾರಿಸಿದರು. ಆಸ್ತಿಯ ಜಗಳದಲ್ಲಿ ಮಾತು ಬಿಟ್ಟಿದ್ದ ತಂಗಿಗೆ ಬರೆದರು. ಆಕೆ ಬಂದು ಕೊನೆಯ ತನಕ ಆ ಮನೆಯಲ್ಲಿಯೇ ಇದ್ದರು.

ಕೊನೆಯ ದಿನಗಳ ಲಕ್ಷಣಗಳನ್ನು ಮನೆಯವರಿಗೆ ಮೊದಲೇ ಹೇಳುವುದು ಒಳ್ಳೆಯದು. ಆಗ ಅವು ಕಂಡಾಗ ಗಾಬರಿಯಾಗಿ ಆಂಬುಲೆನ್ಸ್ ಕರೆಯುವುದು ತಪ್ಪುತ್ತದೆ. ನಿದ್ದೆ ಹೆಚ್ಚುತ್ತದೆ. ನುಂಗುವುದು ಕಷ್ಟವಾಗುತ್ತದೆ. ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ಕೈಕಾಲು ತಣ್ಣಗಾಗಿ ಮೊಣಕಾಲಿನ ಬಳಿ ಚರ್ಮದ ಮೇಲೆ ನೇರಳೆ ಮಚ್ಚೆಗಳು ಮೂಡಬಹುದು. ಉಸಿರು ಒಮ್ಮೆ ಆಳವಾಗಿ, ಒಮ್ಮೆ ನಿಂತು, ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಕೇಳುವವರಿಗೆ ಅದು ಬಲು ಸಂಕಟ, ಮಲಗಿದವರಿಗೆ ಅಷ್ಟು ತಿಳಿಯುವುದಿಲ್ಲ. ಒಂದು ಮಗ್ಗುಲಿಗೆ ತಿರುಗಿಸಿ ತಲೆ ಸ್ವಲ್ಪ ಎತ್ತರಿಸಿದರೆ ಎಷ್ಟೋ ಸಲ ಸದ್ದು ಇಳಿಯುತ್ತದೆ, ಇಳಿಯದಿದ್ದರೆ ಔಷಧವಿದೆ.

ಎಲ್ಲಕ್ಕಿಂತ ಕಷ್ಟದ ಮಾತು ಊಟದ್ದು. ‘ಮೂರು ದಿನದಿಂದ ಏನೂ ತಿಂದಿಲ್ಲ, ಹಸಿವಿನಿಂದಲೇ ಸತ್ತುಹೋಗುತ್ತಾರೆ’ ಎಂದು ಹೆಂಡತಿ ಅಳುತ್ತಾ ಗಂಜಿಯ ಚಮಚ ತುರುಕುತ್ತಾರೆ. ತಿನ್ನದೆ ಇರುವುದರಿಂದ ಸಾವು ಬರುತ್ತಿಲ್ಲ, ಸಾವು ಹತ್ತಿರವಾದ್ದರಿಂದ ದೇಹ ಊಟವನ್ನು ಬಿಡುತ್ತಿದೆ ಎಂದು ನಾನು ಹೇಳುತ್ತೇನೆ. ಒಂದೇ ಸಲಕ್ಕೆ ಇದು ಒಪ್ಪಿಗೆಯಾಗುವುದಿಲ್ಲ. ಜೀವಮಾನವೆಲ್ಲ ಉಣ್ಣಲಿಕ್ಕೆ ಇಟ್ಟ ಕೈಗೆ ಬೇರೆ ಕೆಲಸ ಕೊಡಬೇಕು. ತುಟಿಗೆ ತುಪ್ಪವೋ ಎಣ್ಣೆಯೋ ಸವರುವುದು, ಒದ್ದೆ ಹತ್ತಿಯಿಂದ ನಾಲಿಗೆ ಒರೆಸುವುದು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಲು ನೆರವಾಗುವುದು, ಇವನ್ನು ಆಕೆಗೇ ಒಪ್ಪಿಸುತ್ತೇನೆ. ಬಾಯಿಗೆ ನೀರು ಬಿಡುವ ಸಂಪ್ರದಾಯ ಎಲ್ಲ ಮನೆಗಳಲ್ಲಿಯೂ ಇದೆ. ಒಂದು ಕಡೆ ಗಂಗಾಜಲ ತುಳಸಿ, ಇನ್ನೊಂದು ಕಡೆ ಗುರುಗಳ ಪಾದೋದಕ, ಮತ್ತೊಂದು ಮನೆಯಲ್ಲಿ ಜಮ್‌ಜಮ್ ನೀರು. ಬೇಡ ಎನ್ನುವುದಿಲ್ಲ, ಚಮಚದಿಂದ ಸುರಿದರೆ ಶ್ವಾಸನಾಳಕ್ಕೆ ಹೋಗುತ್ತದೆ, ಬೆರಳು ಅದ್ದಿ ತುಟಿ ನಾಲಿಗೆಗೆ ಮುಟ್ಟಿಸಿ ಎಂದು ತೋರಿಸಿಕೊಡುತ್ತೇನೆ.

ಕಾದಂಬರಿಯಲ್ಲಿ ನನ್ನನ್ನು ಹೆಚ್ಚು ಕಲಕಿದವರು ಮಹಾಶಯರಿಗಿಂತ ಅವರ ಹೆಂಡತಿ, ಅತರ ಬಹು. ಅವರ ಮಗ ವನವಿಹಾರಿ ಕಾಯಿಲೆ ಬಿದ್ದಾಗ ತಂದೆಗೆ ನಾಡಿಯಲ್ಲಿ ಸಾವು ಕಾಣುತ್ತದೆ. ಊರಿನವರಿಗೆಲ್ಲ ಹೇಳಿದ ಹಾಗೆ ಮನೆಯಲ್ಲಿಯೂ ಹೇಳುವ ಮನುಷ್ಯ ಅವರು. ಮಗ ಹೋದ, ಮಾತು ನಿಜವಾಯಿತು. ಆದರೆ ಆ ತಾಯಿ ಅದನ್ನು ಎಂದೂ ಕ್ಷಮಿಸಲಿಲ್ಲ. ಅವಳು ಬಯ್ಯುವ ಪುಟಗಳನ್ನು ಓದಿ ಇವಳು ಜಗಳಗಂಟಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವಳು ಗಂಡನಲ್ಲಿ ಹುಡುಕುತ್ತಿದ್ದದ್ದು ಮಗನಿಗಾಗಿ ತನ್ನ ಜೊತೆ ಅಳುವ ತಂದೆಯನ್ನು, ಸಿಕ್ಕಿದ್ದು ವೈದ್ಯ. ಸತ್ಯ ಹೇಳಿದ ಮೇಲೆ ಎದ್ದು ಹೋಗುವವರು ಅರ್ಧ ಕೆಲಸ ಮಾತ್ರ ಮಾಡಿದ್ದಾರೆ ಎಂದು ಈ ಪಾತ್ರವನ್ನು ನೋಡಿ ನಾನು ತೀರ್ಮಾನಿಸಿದೆ. ಹೇಳಿದ ದಿನ ಇನ್ನೊಂದು ಮನೆಯ ಭೇಟಿ ಇಟ್ಟುಕೊಳ್ಳುವುದಿಲ್ಲ. ಮಾರನೆಯ ದಿನ ತಪ್ಪದೆ ಫೋನ್ ಮಾಡುತ್ತೇನೆ. ಸಾವಾದ ಮೇಲೆ, ನೆಂಟರೆಲ್ಲ ಹೋಗಿ ಮನೆ ಬರಿದಾದ ಹೊತ್ತಿಗೆ ಒಮ್ಮೆ ಹೋಗಿ ಬರುತ್ತೇನೆ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಲೆಕ್ಕ ಮಾಡಿ ಹಿಂದಕ್ಕೆ ತರುವ ಕೆಲಸವೂ ಆಗಲೇ. ಆ ಭೇಟಿಯಲ್ಲಿ ಹೆಂಡತಿಯೋ ಮಗಳೋ ಕೇಳುವುದು ಹೆಚ್ಚಾಗಿ ಒಂದೇ: ‘ನಾವು ಇನ್ನೇನಾದರೂ ಮಾಡಬಹುದಿತ್ತೇ?’ ಅವರು ಏನೇನು ಮಾಡಿದರು ಎಂಬುದನ್ನು ನಾನು ಒಂದೊಂದಾಗಿ ಹೆಸರಿಸುತ್ತೇನೆ, ಏಕೆಂದರೆ ಅದನ್ನು ಕಣ್ಣಾರೆ ಕಂಡ ಹೊರಗಿನವಳು ನಾನೊಬ್ಬಳೇ.

ಈಚೆಗೆ ಇದರ ಜೊತೆಗೆ ಇನ್ನೊಂದು ಮಾತು ಸೇರಿಕೊಂಡಿದೆ. ಗುಣವಾಗುವ ಆಸೆ ಇಲ್ಲದಾಗ ತನ್ನನ್ನು ಯಂತ್ರಕ್ಕೆ ಹಾಕಬೇಡಿ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಒಪ್ಪಿತು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಲ್ಲಿ ಕ್ರಮವನ್ನು ಸರಳ ಮಾಡಿದ ಮೇಲೆ ಇಬ್ಬರು ಸಾಕ್ಷಿಗಳ ಎದುರು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಈ ತೀರ್ಪನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಹಳ್ಳಿಯ ಹಿರಿಯರಿಗೆ ಈ ಕಾಗದದ ವಿಷಯ ಹೇಳಿದರೆ ‘ಇದನ್ನೂ ಬರೆದಿಡಬಹುದೇ?’ ಎಂದು ಆಸಕ್ತಿಯಿಂದ ಕೇಳುತ್ತಾರೆ. ಹಿಂಜರಿಯುವವರು ಮಕ್ಕಳು. ಬರೆಯುವ ಶಕ್ತಿ, ಬುದ್ಧಿಯ ಸ್ಪಷ್ಟತೆ ಇರುವಾಗಲೇ ಇದನ್ನು ಮಾಡಬೇಕಾದ್ದರಿಂದ ನಾನು ಮೊದಲ ಕೆಲವು ಭೇಟಿಗಳಲ್ಲಿಯೇ ಮಾತೆತ್ತುತ್ತೇನೆ.

ಮಾಸ್ತರರಿಗೆ ಕಾದಂಬರಿಯ ಕೊನೆಯ ಭಾಗ ಹೇಳಬೇಕೋ ಬೇಡವೋ ಎಂದು ಹಿಂದೆಮುಂದೆ ನೋಡಿದ್ದೆ. ಅದರಲ್ಲಿ ಜೀವನ ಮಹಾಶಯರೇ ಸಾಯುತ್ತಾರೆ. ಜೀವಮಾನವೆಲ್ಲ ಬೇರೆಯವರ ಮಣಿಕಟ್ಟಿನಲ್ಲಿ ಹುಡುಕಿದ ಮೃತ್ಯುವನ್ನು ಈಗ ತಮ್ಮಲ್ಲಿಯೇ ಗುರುತಿಸಲು, ಅದರ ರೂಪ ಹೇಗಿದೆ, ಸದ್ದು ಹೇಗಿದೆ ಎಂದು ತಿಳಿಯಲು ಅವರು ಎಚ್ಚರವಾಗಿ ಕಾಯುತ್ತಾರೆ. ಮಾಸ್ತರರೇ ಒತ್ತಾಯಿಸಿ ಕೇಳಿದರು, ಹೇಳಿದೆ. ‘ಅಷ್ಟು ಎಚ್ಚರ ನನಗೆ ಬೇಡ’ ಎಂದರು. ‘ನನಗೆ ನಿದ್ದೆಯಲ್ಲಿ ಹೋದರೆ ಸಾಕು, ತಂಗಿ. ವೈದ್ಯರಿಗೆ ಹೇಳು.’ ಹೇಳಿದೆ, ರಾತ್ರಿಯ ಔಷಧದ ಪ್ರಮಾಣವನ್ನು ಅವರು ಅದಕ್ಕೆ ತಕ್ಕಂತೆ ನೋಡಿ ಬರೆದುಕೊಟ್ಟರು.

ನಮ್ಮ ಜೊತೆ ಹೊಸದಾಗಿ ಕೆಲಸಕ್ಕೆ ಸೇರುವ ದಾದಿಯರಿಗೂ ಸ್ವಯಂಸೇವಕರಿಗೂ ಈ ಪುಸ್ತಕದಿಂದ ಮೂರು ಭಾಗಗಳನ್ನು ನಾನು ಓದಿ ಹೇಳುತ್ತೇನೆ: ಮತಿಯ ತಾಯಿಯದು, ರತನಬಾಬುವಿನದು, ಅತರ ಬಹುವಿನದು. ಯಾರು ಸರಿ ಎಂದು ಅವರು ಜಗಳವಾಡಲಿ ಎಂದು ಬಿಡುತ್ತೇನೆ. ಕಿರಿಯರು ಬಹುಪಾಲು ಪ್ರದ್ಯೋತನ ಪಕ್ಷ ಹಿಡಿಯುತ್ತಾರೆ, ಮನೆಯಲ್ಲಿ ಸಾವು ಕಂಡವರು ಮಹಾಶಯರದು. ಅತರ ಬಹುವಿನ ಪರವಾಗಿ ಮಾತನಾಡುವವರು ಕಡಿಮೆ. ಹಾಗೆ ಮಾತನಾಡಿದವರನ್ನು ನಾನು ಮೊದಲು ಮನೆ ಭೇಟಿಗೆ ಕರೆದುಕೊಂಡು ಹೋಗುತ್ತೇನೆ.